ಅಳತೆ ಅಣ್ಣನ ಹಿಮ್ಮಡಿ

ಆ ಚಪ್ಪಲಿ ಅಂಗಡಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ಅವರು ಅಳತೆ ಅಣ್ಣ. ಗಿರಾಕಿ ಬಾಗಿಲು ದಾಟುವಷ್ಟರಲ್ಲೇ ಪಾದ ನೋಡಿ ನಂಬರ್ ಹೇಳಿಬಿಡುವ ಆಸಾಮಿ. ಹರಿದ ಕಾಲುಚೀಲ ಮುಚ್ಚಿಕೊಳ್ಳಲು ಒದ್ದಾಡುವವರ ಮುಂದೆ ಗಿಡ್ಡ ಸ್ಟೂಲಿನ ಮೇಲೆ ಕೂತು, "ಪಾದ ಕೊಡಿ ಸಾರ್, ನಾಚಿಕೆ ಯಾಕೆ? ನಾನು ನೋಡದ ಕಾಲಾ?" ಎನ್ನುತ್ತಿದ್ದರು.

ಅರವತ್ತು ದಾಟಿದ ಮೇಲೆ ಅವರದೇ ಕಾಲು ಕೈಕೊಟ್ಟಿತು. ಗೋದಾಮಿನ ಮೆಟ್ಟಿಲು ಹತ್ತಿದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ಪಾದ ಸದಾ ತಣ್ಣಗೆ. ಪಕ್ಕದ ಔಷಧಿ ಅಂಗಡಿಯವನು "ವಯಸ್ಸಾಯ್ತಲ್ಲ ಅಣ್ಣಾ, ವಿಟಮಿನ್ ಕಮ್ಮಿಯಾಗಿರುತ್ತೆ" ಅಂತ ಮಾತ್ರೆ ಕೊಟ್ಟ. ಅಣ್ಣ ತಾವು ನುಂಗಿದ್ದು ಸಾಲದು ಅಂತ, ಕಾಲುನೋವು ಎಂದ ಗಿರಾಕಿಗಳಿಗೂ ಅದನ್ನೇ ಶಿಫಾರಸು ಮಾಡಿದರು.

ನೋವು ಜಗ್ಗಲಿಲ್ಲ. ಆಗ ಅವರು ಮಾಡಿದ್ದು ಅವರಂಥವರು ಮಾತ್ರ ಮಾಡಬಹುದಾದ ಪೆದ್ದುತನ. ತಪ್ಪೆಲ್ಲ ಶೂವಿನದು ಎಂದುಕೊಂಡು ಒಂದು ನಂಬರ್ ದೊಡ್ಡದನ್ನು ಹಾಕಿಕೊಂಡರು. ಸಡಿಲ ಶೂ ಹಿಮ್ಮಡಿಯನ್ನು ತಿಕ್ಕಿ ತಿಕ್ಕಿ ಗಾಯ ಮಾಡಿತು. ಗಾಯ ಮಾಯಲೇ ಇಲ್ಲ. ಅಳತೆ ಅಣ್ಣನಿಗೇ ಶೂ ಕಚ್ಚಿತು ಅಂತ ಗೊತ್ತಾದರೆ ಅಂಗಡಿಯಲ್ಲಿ ತಲೆ ಎತ್ತುವುದು ಹೇಗೆ? ದಪ್ಪ ಕಾಲುಚೀಲದೊಳಗೆ ಹತ್ತಿ ತುರುಕಿ, ಮನೆಯಲ್ಲೂ ಬಿಚ್ಚದೆ ದಿನ ದೂಡಿದರು. ಹೆಂಡತಿ ಕೇಳಿದರೆ "ಚಳಿ ಕಣೇ" ಎನ್ನುತ್ತಿದ್ದರು, ಅದೂ ಸುಡುಬೇಸಿಗೆಯಲ್ಲಿ.

ವಾಸನೆಗೆ ಸುಳ್ಳು ಹೇಳಲು ಬರುವುದಿಲ್ಲ. ಒಂದು ಮಧ್ಯಾಹ್ನ ಶೂ ಹಾಕಿ ನೋಡುತ್ತಿದ್ದ ಹೆಂಗಸೊಬ್ಬಳು ಮೂಗು ಸಿಂಡರಿಸಿ, ತನ್ನ ಕಾಲಿನದೇ ಇರಬೇಕೆಂದು ಕೆಂಪಾಗಿ, "ಸಾರಿ ಅಣ್ಣಾ, ಬೆಳಗ್ಗಿಂದ ಓಡಾಟ" ಎಂದಳು. ಅಣ್ಣ ಹೌದೆಂಬಂತೆ ಸುಮ್ಮನಿದ್ದುಬಿಟ್ಟರು. ಅವಳು ಏನೂ ಕೊಳ್ಳದೆ ಹೋದಳು. ನೋವನ್ನಾದರೂ ಸಹಿಸಿಕೊಂಡಿದ್ದರು, ಆ ನಾಚಿಕೆಗೇಡನ್ನು ಸಹಿಸಲಾಗಲಿಲ್ಲ. ಸಂಜೆ ಮಗಳ ಮುಂದೆ ಬಾಯಿಬಿಟ್ಟರು.

ಮರುದಿನ ಡಾಕ್ಟರ ಕೋಣೆಯಲ್ಲಿ ಕಾಲುಚೀಲ ಬಿಚ್ಚಲು ಅವರಿಗೆ ಕೈಯೇ ಬರಲಿಲ್ಲ. ಮಗಳು ನೆಲದ ಮೇಲೆ ಕೂತಳು.

"ಪಾದ ಕೊಡಪ್ಪ. ನಾಚಿಕೆ ಯಾಕೆ?"

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅಣ್ಣನಿಗೆ.

ಡಾಕ್ಟರಮ್ಮ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಸಿಗಲಿಲ್ಲ. ಮಗಳು ತೋರಿಸಿದ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿದರು.

"ವಿಟಮಿನ್ ಕೆಟ್ಟದ್ದೇನಲ್ಲ ಯಜಮಾನ್ರೇ. ಆದ್ರೆ ನಿಮ್ಮ ಕಾಲಿನ ರಕ್ತನಾಳ ಕಟ್ಟಿಕೊಂಡಿರೋ ಹಾಗಿದೆ. ಅದನ್ನ ಈ ಮಾತ್ರೆ ಬಿಡಿಸಲ್ಲ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ. ಇನ್ನೂ ತಡ ಮಾಡಿದ್ರೆ ಪಾದ ಉಳಿಯೋದು ಕಷ್ಟ."

ಆಮೇಲೆ ಕೆಳಗಿದ್ದ ಶೂ ಎತ್ತಿ, ಗಾಯದ ಪಕ್ಕ ಹಿಡಿದು ನೋಡಿದರು.

"ಇಷ್ಟು ಸಡಿಲದ್ದು ನಿಮಗೆ ಯಾರು ಕೊಟ್ಟಿದ್ದು?"

ಅಣ್ಣ ತಲೆ ತಗ್ಗಿಸಿದರು. "ಯಾರೋ ಅಂಗಡಿಯವನು," ಎಂದರು. "ಕೆಲಸ ಗೊತ್ತಿಲ್ಲದವನು."

ಮಗಳು ಶೂಗಳನ್ನು ತನ್ನ ಬ್ಯಾಗಿನೊಳಗೆ ಮುಚ್ಚಿಟ್ಟು, ಅಪ್ಪನ ಬರಿಗಾಲನ್ನು ತೊಡೆಯ ಮೇಲೆ ಹಾಗೇ ಹಿಡಿದುಕೊಂಡು ಕೂತಳು.