ಸ್ಯಾಕ್ಸೋಫೋನ್ ಸೋಮನಿಂಗ
ಸಿಂದಗಿಯ ಮದುವೆ ಬ್ಯಾಂಡಿನ ಸೋಮನಿಂಗ ಸ್ಯಾಕ್ಸೋಫೋನ್ ಕಲಿತದ್ದು ಮುಂಬಯಿಯ ಹೋಟೆಲೊಂದರಲ್ಲಿ ಜಾಝ್ ನುಡಿಸುತ್ತಿದ್ದ ಫ್ರೆಂಚ್ ವಾದಕನಿಂದ. ಹೊಸಬರು ಸಿಕ್ಕರೆ ಅವನ ಮೊದಲ ಮಾತೇ, "ನಮ್ಮ ಗುರುಗಳು ಪ್ಯಾರಿಸಿನವರ್ರಿ." ಸಿನಿಮಾ ಹಾಡಿನ ನಡುವೆ ಆಗಷ್ಟೇ ಹೊಳೆದದ್ದನ್ನು ಊದಲು ಹಿಡಿದನೆಂದರೆ ಮೆರವಣಿಗೆ ನಿಂತೇಬಿಡುತ್ತಿತ್ತು, ಮದುಮಗನ ಕುದುರೆಯೂ ಕಿವಿ ನಿಮಿರಿಸುತ್ತಿತ್ತು. ೧೯೭೬ರಲ್ಲಿ ಅವನ ಮಗಳು ಇಂದ್ರಾಬಾಯಿಯ ಮದುವೆಯಾಯಿತು. ಹೆಣ್ಣನ್ನು ಕಳಿಸುವ ಹೊತ್ತಿಗೆ ಅವನು ವಾದ್ಯ ಎತ್ತಿಕೊಂಡಾಗ ಕನ್ನೊಳ್ಳಿಯ ಬೀಗರು ತಡೆದರು: "ಹೆಣ್ಣಿನ ತಂದಿ ಬ್ಯಾಂಡಿನವರ ಜೋಡಿ ನಿಂದರೂದು ಚಂದ ಕಾಣೂದಿಲ್ರಿ." ಸೋಮನಿಂಗ ತಲೆ ತಗ್ಗಿಸಿದ. ಗಾಡಿ ಹತ್ತಿದ್ದ ಇಂದ್ರಾಬಾಯಿ ಕೆಳಗಿಳಿದು, "ನಮ್ಮಪ್ಪ ಊದಿದ್ರನ ನಾ ಬರಾಕಿ" ಎಂದಳು. ಬೀಗರು ದಾರಿ ಬಿಟ್ಟರು. ಕಣ್ಣೀರು ಕೆನ್ನೆಗಿಳಿಯುತ್ತಿದ್ದರೂ ಒಂದು ಸ್ವರವನ್ನೂ ತಪ್ಪಿಸದೆ, ರುಮಾಲು ಸುತ್ತಿದ ಹೆಣ್ಣಿನ ತಂದೆ ಕನ್ನೊಳ್ಳಿಯ ಅಗಸಿ ಬಾಗಿಲವರೆಗೂ ಗಾಡಿಯ ಮುಂದೆ ಊದುತ್ತ ನಡೆದ.