ತಮ್ಮನಿಗೆ ಜ್ವರವಂತೆ

ಗೆಳೆಯರೇ, ಹತ್ತು ವರ್ಷದ ಹುಡುಗಿಯನ್ನು ನಂಬಿ ಅವಳ ತಮ್ಮನನ್ನು ಬಿಟ್ಟುಹೋಗಬಹುದೇ? "ರೇಷ್ಮೆ ಹುಳಕ್ಕೇ ಸೊಪ್ಪು ಹಾಕ್ತಾಳೆ, ತಮ್ಮನ್ನ ನೋಡ್ಕಳಕ್ಕೆ ಆಗಲ್ವಾ?" ಅಂದರು ನಮ್ಮನೆಯವರು. ಇವತ್ತು ಇಬ್ಬರೂ ಕನಕಪುರಕ್ಕೆ ಹೋಗಿಬಂದೆವು.

ಬಂದರೆ ಮೂರು ವರ್ಷದ ಮಗ ಹಸಿದು ಅರಚುತ್ತಿದ್ದಾನೆ. ಕಲಸಿಟ್ಟ ಅನ್ನ ಹಾಗೇ ಇದೆ.

"ಯಾಕೇ ಉಣ್ಸಿಲ್ಲ?"

"ಬಿಸಿಲಲ್ಲಿ ಆಡಿ ಮೈ ಬಿಸಿ ಆಗೈತೆ ಕಣಮ್ಮ. ಜ್ವರದಲ್ಲಿ ತಿನ್ನಕ್ಕೆ ಹಾಕ್ಬಾರ್ದು, ಮುಟ್ಬಾರ್ದು ಅಂತ ನೀನೇ ಹೇಳಿದ್ದು."

ಹೇಳಿದ್ದೆ, ಹುಳದ ಬಗ್ಗೆ. ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ.

"ನೋಡಿದ್ಯೇನೇ, ಹೇಳ್ಕೊಟ್ಟಿದ್ದು ಒಂದೂ ಮರ್ತಿಲ್ಲ" ಅಂತ ನಮ್ಮನೆಯವರು ಮೀಸೆ ತಿರುವಿದರು.

ಇನ್ನು ಒಸಿ ಹೊತ್ತು ಬಿಟ್ಟಿದ್ದರೆ ಅವನನ್ನು ಹಣ್ಣಾದ ಹುಳ ಬಿಡುವ ಬಿದಿರಿನ ಚಂದ್ರಿಕೆಗೆ ಹಾಕಿ ಗೂಡನ್ನೂ ಕಟ್ಟಿಸುತ್ತಿದ್ದಳು.