ದುರ್ಬೀನಿಗೆ ಮೂರು ಕಾಲು

ಹಾಲಿನವಳು ನಗುತ್ತಾ ಬಂದರೆ ಇವತ್ತು ನೀರು ಹೆಚ್ಚು ಬೆರೆಸಿದ್ದಾಳೆ ಎಂದುಕೊಳ್ಳುವ ಮನುಷ್ಯ ನಾನು. ಹೆಡ್‌ಮಾಸ್ಟರು ಹೊಗಳಿದರೆ ಇನ್ಯಾರದೋ ಪೀರಿಯಡ್ಡನ್ನು ನನ್ನ ತಲೆಗೆ ಕಟ್ಟುತ್ತಾರೆ ಎಂದು ಹೆದರುತ್ತಿದ್ದೆ. ಎಷ್ಟೋ ಸಲ ಅದು ನಿಜವೂ ಆಗುತ್ತಿತ್ತು. ಹಾಗಾಗಿ ಸಂಶಯಪಡುವುದನ್ನು ನಾನು ದುರ್ಗುಣ ಎಂದು ಎಣಿಸಲೇ ಇಲ್ಲ, ಜಾಣತನ ಎಂದೇ ತಿಳಿದಿದ್ದೆ.

ಅರುವತ್ತರ ದಶಕದ ಮೊದಲ ವರ್ಷಗಳವು. ಮಂಗಳೂರಿನ ಒಂದು ಶಾಲೆಯಲ್ಲಿ ನಾನು ಲೆಕ್ಕದ ಮೇಷ್ಟ್ರು. ಅಲ್ಲಿಯ ಡ್ರಾಯಿಂಗ್ ಮೇಷ್ಟ್ರು ಕೊಂಕಣಿ ಮಾತನಾಡುವ ಕ್ರೈಸ್ತರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನಮ್ಮ ತುಳುವರ ರೂಢಿಯಂತೆ ನಾನು ಅವರನ್ನು ಗೌರವದಿಂದ ‘ಪೊರ್ಬುಗಳೇ’ ಎನ್ನುತ್ತಿದ್ದೆ. ಇಬ್ಬರಿಗೂ ಹಕ್ಕಿ ನೋಡುವ ಹುಚ್ಚು. ಬಂದರಿನಲ್ಲಿ ಹಡಗಿನ ಹಳೆ ಸಾಮಾನು ಮಾರುವವನ ಬಳಿ ಒಂದು ಹಿತ್ತಾಳೆ ದುರ್ಬೀನು ಸಿಕ್ಕಿತು. ಇಬ್ಬರೂ ಸೇರಿ ಕೊಂಡೆವು. ಬರಿಗೈಯಲ್ಲಿ ಹಿಡಿದರೆ ಅದರೊಳಗಿನ ಹಕ್ಕಿ ಕುಣಿಯುತ್ತಿತ್ತು. ಆದ್ದರಿಂದ ಒಂದು ಫೋಟೋ ಸ್ಟುಡಿಯೋದವರು ಮೂಲೆಗೆ ಹಾಕಿದ್ದ ಮೂರು ಕಾಲಿನ ಮರದ ಸ್ಟ್ಯಾಂಡನ್ನೂ ಬೇಡಿ ತಂದೆವು. ಅದನ್ನು ಹೊರುವುದೆಂದರೆ ಶಾಲೆಯ ಬೆಂಚನ್ನು ಹೊತ್ತ ಹಾಗೆ.

ದುರ್ಬೀನು ನನ್ನ ಮನೆಯಲ್ಲಿ, ಸ್ಟ್ಯಾಂಡು ಅವರ ಮನೆಯಲ್ಲಿ. ಈ ಏರ್ಪಾಡು ನನ್ನದೇ. ಒಬ್ಬರನ್ನು ಬಿಟ್ಟು ಒಬ್ಬರು ಹೋಗದಿರಲಿ ಎಂಬ ಮುನ್ನೆಚ್ಚರಿಕೆ. ಅವರು ಏನೂ ಕೇಳದೆ ಒಪ್ಪಿದ್ದರು. ಆದಿತ್ಯವಾರ ಅವರು ಇಗರ್ಜಿಯ ಮೊದಲ ಪೂಜೆ ಮುಗಿಸಿ ಬಂದ ಮೇಲೆ ಬಂದರಿನಿಂದ ದೋಣಿ ಹತ್ತಿ ಹೊಳೆಯಾಚೆಯ ಬೆಂಗ್ರೆಯ ಮರಳಿಗೆ ಇಳಿಯುತ್ತಿದ್ದೆವು. ಹೊಳೆ ಕಡಲಿಗೆ ಸೇರುವ ಅಳಿವೆಯ ಬದಿಯಲ್ಲಿ ಚಳಿಗಾಲಕ್ಕೆ ಎಲ್ಲೆಲ್ಲಿಂದಲೋ ಬಂದ ಹಕ್ಕಿಗಳು ಸಾಲಾಗಿ ಕೂತಿರುತ್ತಿದ್ದವು. ಅವರು ಚಿತ್ರ ಬಿಡಿಸುತ್ತಿದ್ದರು, ನಾನು ಹಕ್ಕಿಗಳನ್ನು ಎಣಿಸುತ್ತಿದ್ದೆ. ನಮ್ಮದು ಅರ್ಚಕರ ಮನೆತನ, ಮನೆಯಲ್ಲಿ ದೇವಸ್ಥಾನದ ಪೂಜೆಯ ಸರದಿ ಬಿಟ್ಟರೆ ಬೇರೆ ಮಾತಿರಲಿಲ್ಲ. ಇಡೀ ವಾರದಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಆ ಮರಳ ಮೇಲೆ, ಅವರೊಬ್ಬರ ಹತ್ತಿರ ಮಾತ್ರ. ಅದು ಕೈತಪ್ಪಿದರೆ ನನಗೆ ಇನ್ನು ಯಾರೂ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಒಂದು ದಿನ ದೋಣಿಯಲ್ಲಿ ಅವರು, “ನಮಗೊಂದು ಹಗುರದ ಸ್ಟ್ಯಾಂಡು ಬೇಕು ಮಾರಾಯ್ರೆ, ಒಬ್ಬನೇ ಹೊರುವಂಥದ್ದು” ಎಂದರು.

ಒಬ್ಬನೇ! ನನ್ನ ಕಿವಿ ನೆಟ್ಟಗಾಯಿತು. ಇಷ್ಟು ವರ್ಷ ಇಬ್ಬರು ಹೊತ್ತದ್ದಕ್ಕೆ ಈಗ ಒಬ್ಬ ಯಾಕೆ ಸಾಕು? ಆ ಸ್ಟ್ಯಾಂಡು ಭಾರವಾಗಿದ್ದದ್ದರಿಂದಲೇ ಅವರಿಗೆ ನನ್ನ ಅಗತ್ಯವಿತ್ತು. ಅದು ಹಗುರವಾದರೆ ಏನೋ ನೆವ ಹೇಳಿ ದುರ್ಬೀನನ್ನು ನನ್ನ ಮನೆಯಿಂದ ಒಯ್ದು ಚೀಲಕ್ಕೆ ಹಾಕಿ, ಕಾಲುಗಳನ್ನು ಕಂಕುಳಲ್ಲಿ ಸಿಕ್ಕಿಸಿ ಯಾವಾಗ ಬೇಕಾದರೂ ಹೊರಡಬಹುದು. ನನ್ನ ಬಡಬಡಿಕೆ ಕೇಳಿ ಅವರಿಗೆ ಸಾಕಾಗಿದೆ ಎಂದು ಆ ಕ್ಷಣವೇ ತೀರ್ಮಾನಿಸಿದೆ. ಆದರೂ ಬಾಯಲ್ಲಿ, “ನೋಡುವ, ನೋಡುವ” ಎಂದೆ.

ಆಮೇಲೆ ಶುರುವಾಯಿತು ಪರೀಕ್ಷೆಗಳ ಸಾಲು. ಮೊದಲು ಅಲ್ಯೂಮಿನಿಯಮ್ಮಿನ ಒಂದು ಕ್ಯಾಮರಾ ಸ್ಟ್ಯಾಂಡನ್ನು ಯಾರಿಂದಲೋ ಕೇಳಿ ತಂದರು. ನಿಜವಾಗಿ ಬಲು ಹಗುರ. ಆದರೆ ದುರ್ಬೀನು ಕೂರಿಸಿದ ಕೂಡಲೇ ಮೂತಿ ಕೆಳಗೆ ಮಾಡಿ ಮರಳನ್ನೇ ನೋಡುತ್ತಿತ್ತು. ಮತ್ತೊಂದು ವಾರ ಹಳೆಯ ಪ್ಯಾಂಟಿನ ಒಂದು ಕಾಲನ್ನು ಹೆಂಡತಿಯ ಕೈಯಲ್ಲಿ ಹೊಲಿಸಿ ಚೀಲ ಮಾಡಿ ತಂದರು. ಖಾಲಿ ಚೀಲ ಕಿಸೆಯೊಳಗೆ ಬರುತ್ತದೆ, ಬೆಂಗ್ರೆಯಲ್ಲಿ ಮರಳು ತುಂಬಿಸಿ ದಿಂಬಿನ ಹಾಗೆ ಇಟ್ಟು ಮೇಲೆ ದುರ್ಬೀನು ಊರಿದರೆ ಆಯಿತು. ಸುಳ್ಳು ಹೇಳಬಾರದು, ಹಕ್ಕಿ ಒಂದಿಷ್ಟೂ ಅಲುಗದೆ ನಿಂತಿತು. ನಾನು ಮಾತ್ರ ಹೊಟ್ಟೆ ಅಡಿಯಾಗಿ ಮಲಗಿ ನೋಡುವುದು ಮೇಷ್ಟ್ರುಗಳಿಗೆ ಶೋಭೆಯಲ್ಲ, ಗಾಜಿಗೆ ಮರಳು ಹೋಗುತ್ತದೆ ಎಂದೆಲ್ಲ ಕೊಕ್ಕೆ ಹಾಕಿದೆ.

ಮೂರನೆಯದು ಬಿದಿರಿನದು, ಅವರೇ ಕಟ್ಟಿದ್ದು. ಕಡಲ ಗಾಳಿಗೆ ನಡುಗುತ್ತಿತ್ತು. ಭಾರಕ್ಕೆಂದು ನಡುವೆ ಎಳನೀರು ತುಂಬಿದ ಒಂದು ಬೊಂಡವನ್ನು ನೇತುಹಾಕಿದೆವು. ಸ್ಟ್ಯಾಂಡು ಗಟ್ಟಿಯಾಗಿ ನಿಂತಿತು. ಬಿಸಿಲೇರಿದಾಗ ಬಾಯಾರಿಕೆ ತಡೆಯದೆ ಇಬ್ಬರೂ ಆ ಬೊಂಡವನ್ನೇ ಕೆತ್ತಿ ಕುಡಿದೆವು. ಎರಡು ನಿಮಿಷದಲ್ಲಿ ಗಾಳಿ ಬೀಸಿ ದುರ್ಬೀನು ಕಾಲು ಮೇಲೆ ಮಾಡಿ ಬಿತ್ತು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ, ಆದರೆ ನನ್ನ ನಗುವಿನ ಕಾರಣ ಬೇರೆ.

ಒಂದು ವಿಷಯ ನನಗೆ ಅರ್ಥವಾಗಿರಲಿಲ್ಲ. ಪ್ರತಿ ಸಲವೂ ಅವರು, “ನೀವು ಸ್ವಲ್ಪ ಹೆಗಲಿಗೆ ಹಾಕಿ ನಡೆದು ನೋಡಿ” ಎನ್ನುತ್ತಿದ್ದರು. ದೋಣಿಯವನ ಹತ್ತಿರ, “ಇವರನ್ನು ಸರಿ ಗುರ್ತ ಉಂಟಲ್ಲ?” ಎಂದು ಒಮ್ಮೆ ಕೇಳಿದ್ದರು. ಇದೆಲ್ಲ ನನ್ನ ಕಣ್ಣಿಗೆ ಮಣ್ಣೆರಚುವ ಉಪಾಯ ಎಂದೇ ನಾನು ಲೆಕ್ಕ ಹಾಕಿದೆ.

ಕೊನೆಗೆ ಮರದ್ದೇ ಆಗಲಿ ಎಂದು ಬೋಳಾರದ ಕಡೆಯ ಒಬ್ಬ ಆಚಾರಿಗೆ ಹೇಳಿದರು. ಹೆಬ್ಬಲಸಿನ ತೆಳು ಪಟ್ಟಿಗಳು, ಮಡಚುವ ಕಾಲು, ಹೆಗಲಿಗೆ ಚರ್ಮದ ಪಟ್ಟಿ. ನಕ್ಷೆಯನ್ನೂ ಬರೆದುಕೊಟ್ಟಿದ್ದರು. ಈ ಸಲ ಕೊಕ್ಕೆ ಹಾಕಲು ನನಗೆ ಜಾಗವೇ ಸಿಗಲಿಲ್ಲ.

ಬುಧವಾರ ಶಾಲೆ ಬಿಟ್ಟವನೇ ಒಬ್ಬನೇ ಆಚಾರಿಯ ಶೆಡ್ಡಿಗೆ ಹೋದೆ.

“ಹೆಬ್ಬಲಸು ಬೇಡ ಆಚಾರ್ರೆ, ಬೋಗಿ ಹಾಕಿ. ಪಟ್ಟಿ ಒಂದಿಷ್ಟು ದಪ್ಪ ಇರ್ಲಿ” ಎಂದೆ. ಬೋಗಿಯೆಂದರೆ ಮಾಡಿನ ಜಂತಿಗೆ ಹಾಕುವ ಮರ, ಕಬ್ಬಿಣದಷ್ಟು ಭಾರ.

“ಎಂತಕ್ಕೆ? ಹಗುರ ಆಗ್ಬೇಕು ಅಂತ ಅವರು ಎರಡೆರಡು ಸಲ ಹೇಳಿದ್ದಾರಲ್ಲ?”

“ಗಾಳಿಗೆ ನಿಲ್ಬೇಕಲ್ಲ. ನಾವಿಬ್ಬರು ಮಾತಾಡಿಯೇ ಹೇಳುವುದು.”

ಆಚಾರಿ ನನ್ನ ಮುಖವನ್ನೊಮ್ಮೆ ನೋಡಿ, ಕಿವಿಯ ಹಿಂದಿನ ಪೆನ್ಸಿಲು ತೆಗೆದು ನಕ್ಷೆಯ ಮೇಲೆ ಗುರುತು ಹಾಕಿಕೊಂಡರು. ದಾರಿಯುದ್ದಕ್ಕೂ ನನಗೆ ಗೆದ್ದ ಖುಷಿ.

ಮುಂದಿನ ಶನಿವಾರ ಮಧ್ಯಾಹ್ನ ಇಬ್ಬರೂ ಸೇರಿ ತರಲು ಹೋದೆವು. ಹೊಸ ಸ್ಟ್ಯಾಂಡು ಗೋಡೆಗೆ ಒರಗಿ ನಿಂತಿತ್ತು, ಎಣ್ಣೆ ಹಚ್ಚಿ ಮಿರಿಮಿರಿ ಮಿಂಚುತ್ತಿತ್ತು. ಅವರು ಆಸೆಯಿಂದ ಎತ್ತಿದರು. ಅರ್ಧ ಎತ್ತಿ ಕೆಳಗಿಟ್ಟರು.

“ಇದೆಂತ ಆಚಾರ್ರೆ, ಇಷ್ಟು ಭಾರ? ಇದನ್ನು ಇವರೊಬ್ಬರೇ ಹೇಗೆ ಹೊರುವುದು?”

ಇವರೊಬ್ಬರೇ ಎಂದರೆ ನಾನು. ಅವರ ಕೈ ನನ್ನ ಕಡೆಗೇ ತೋರಿಸುತ್ತಿತ್ತು.

ನಾನು ತೊದಲುತ್ತಾ, “ನಾನ್ಯಾಕೆ ಒಬ್ಬನೇ ಹೊರುವುದು ಪೊರ್ಬುಗಳೇ?” ಎಂದೆ.

ಅವರು ಸ್ಟ್ಯಾಂಡನ್ನು ಮತ್ತೆ ಗೋಡೆಗೆ ಒರಗಿಸಿದರು. ಆಮೇಲೆ, “ನಾನು ಬಹರೈನಿಗೆ ಹೋಗ್ತಾ ಇದ್ದೇನೆ ಮಾಸ್ಟ್ರೇ. ಒಂದು ಎಣ್ಣೆ ಕಂಪೆನಿಯಲ್ಲಿ ನಕ್ಷೆ ಬರೆಯುವ ಕೆಲಸ. ಮಾತು ಕೆಲವು ತಿಂಗಳಿಂದ ನಡೀತಾ ಇತ್ತು, ಕಾಗದ ನಿನ್ನೆ ಕೈಗೆ ಬಂತು, ಮಂಗಳವಾರ ಬೊಂಬಾಯಿಗೆ ಹೊರಡುವುದು. ಮೊದಲೇ ಹೇಳಿದ್ರೆ ನೀವು ಮುಖ ಸಣ್ಣ ಮಾಡ್ತೀರಿ ಅಂತ ಹೇಳ್ಲಿಲ್ಲ. ನಾನಿಲ್ಲ ಅಂತ ನೀವು ಬೆಂಗ್ರೆಗೆ ಹೋಗುವುದು ನಿಲ್ಲಬಾರದು, ಅಷ್ಟೇ” ಎಂದರು.

ಆಚಾರಿ ಕೀಸುಳಿ ಹಿಡಿದುಕೊಂಡು ನನ್ನನ್ನು ನೋಡಿದರು. ನಾನು ದೃಷ್ಟಿ ತಪ್ಪಿಸಿದೆ. ಅವರು ನನ್ನ ಹೆಸರೆತ್ತದೆ, “ಮರ ತಪ್ಪಿಹೋಯ್ತು ಮಾಸ್ಟ್ರೇ, ಬೇರೆ ಮಾಡಿಕೊಡ್ತೇನೆ, ಒಂದು ವಾರ ಬೇಕು” ಎಂದು ನನ್ನ ತಪ್ಪನ್ನು ತಮ್ಮ ತಲೆಗೆ ಹಾಕಿಕೊಂಡರು.

“ಒಂದು ವಾರಕ್ಕೆ ನಾನಿರುವುದಿಲ್ಲವಲ್ಲ” ಎಂದು ಡ್ರಾಯಿಂಗ್ ಮೇಷ್ಟ್ರು ನಕ್ಕರು. ಸ್ಟ್ಯಾಂಡನ್ನು ತಾವೇ ಎತ್ತಿ ನನ್ನ ಎಡ ಹೆಗಲಿಗೆ ಹಾಕಿದರು. ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿ, ಒಂದು ತೂತು ಸಡಿಲಿಸಿ, ಮತ್ತೆ ಬಿಗಿ ಮಾಡಿದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಸತ್ಯ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕಿಸೆಯಿಂದ ಕರವಸ್ತ್ರ ತೆಗೆದು, ನಾಲ್ಕು ಮಡಿಕೆ ಮಾಡಿ, ಮರಕ್ಕೂ ನನ್ನ ಹೆಗಲಿಗೂ ನಡುವೆ ಇಟ್ಟರು.

“ಹೀಗೆ ಇಟ್ಟುಕೊಂಡ್ರೆ ನೋಯುವುದಿಲ್ಲ” ಎಂದರು.